ಬೂಟಿನಂಗಡಿಯ ಬರಿಗಾಲ ಚರಿತ್ರೆ

ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿರುವ ಬಂದೇನವಾಜ್ ಚಾಚಾರ ಅಂಗಡಿಗೆ ಬೂಟು ಕೊಳ್ಳಲು ಹೋದವರು ಮೊದಲು ಭಾರತದ ಫುಟ್‌ಬಾಲ್ ತಂಡದ ಚರಿತ್ರೆ ಕೇಳಲೇಬೇಕು. ನಮ್ಮ ಕಮಲಾಪುರದ ಬಸ್ಸು ಹೋದರೆ ಹೋಗಲಿ. "ನಲವತ್ತೆಂಟರಾಗ ಲಂಡನ್‌ದಾಗ ಬರಿಗಾಲಿಲೇ ಆಡೀವ್ರೀ ನಾವು!" ಎನ್ನುತ್ತಲೇ ನಮ್ಮ ಕಾಲಿಗೆ ಬೂಟು ತೊಡಿಸುತ್ತಾರೆ. ಆಗ ತಾವಿನ್ನೂ ಹುಟ್ಟಿರಲಿಲ್ಲ ಎಂಬುದನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಐವತ್ತಾರರ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ, ಅರವತ್ತೆರಡರಲ್ಲಿ ಏಷ್ಯಾದ ಚಿನ್ನ, ಅಲ್ಲಿಗೆ ಚರಿತ್ರೆ ಮುಗಿಯಿತು. "ಆಮ್ಯಾಲ ಏನಾತ್ರೀ ಚಾಚಾ?" ಎಂದು ಕೇಳಿದರೆ, "ಬೆರಳಿಗಿ ಬಿಗಿ ಆಗ್ಯಾದೇನ್ ನೋಡ್ರಿ" ಎನ್ನುತ್ತಾರೆ. ಈಗಿನ ಪಂದ್ಯಗಳನ್ನೂ ನೋಡುತ್ತಾರೆ, ಇಲ್ಲವೆಂದಲ್ಲ. ಎದುರಿನವರು ಮೊದಲ ಗೋಲು ಹೊಡೆದ ಕೂಡಲೇ ಟೀವಿಯ ಮುಂದಿನಿಂದ ಎದ್ದುಬಿಡುತ್ತಾರೆ. ಆಮೇಲೆ ಯಾರನ್ನೂ ಏನೂ ಕೇಳುವುದಿಲ್ಲ. ಮರುದಿನದ ಪೇಪರಿನ ಆಟದ ಪುಟವನ್ನು ಓದದೆಯೇ ಮುದ್ದೆ ಮಾಡಿ ಹೊಸ ಬೂಟಿನೊಳಗೆ ತುರುಕುತ್ತಾರೆ. ಕೊನೆಯವರೆಗೂ ಕೂತು ನೋಡುವವರು ಅವರ ಹೆಂಡತಿ ಇಕ್ಬಾಲ್ ಬೇಗಂ. ಅವರೂ ಬಾಯಿ ಬಿಡುವುದಿಲ್ಲ. ಆದರೆ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಗೊತ್ತು: ಗೆದ್ದರೆ ಮರುದಿನದ ಬುತ್ತಿಯಲ್ಲಿ ದಿನದಂತೆ ರೊಟ್ಟಿ, ಪಲ್ಯ, ಸೋತರೆ ಚಾಚಾರಿಗೆ ಪ್ರಾಣವಾದ ತಹಾರಿ, ಮಾಂಸ ಹಾಕಿ ಬೇಯಿಸಿದ ಘಮಘಮ ಅನ್ನ. ಈಚೆಗೆ ಚಾಚಾರಿಗೆ ಹೊಟ್ಟೆ ಚೆನ್ನಾಗಿಯೇ ಬಂದಿದೆ. ಮೊನ್ನೆ, ಪಂದ್ಯದ ಮರುದಿನ, ನಾನು ಎದುರಿಗೆ ಕೂತಿದ್ದಾಗಲೇ ಬುತ್ತಿಯ ಡಬ್ಬಿಯ ಮುಚ್ಚಳ ತೆಗೆದರು. ತಹಾರಿಯ ಘಮ ಅಂಗಡಿಯನ್ನೆಲ್ಲ ತುಂಬಿತು. ಚಾಚಾ ಡಬ್ಬಿಯನ್ನು ನನ್ನ ಕಡೆಗೆ ಸರಿಸಿ, "ಬರ್ರಿ, ನೀವೂ ಕೈ ಹಚ್ರಿ. ಒಬ್ಬನ ಕೈಲಿಂದ ಇದು ಮುಗ್ಯಂಗಿಲ್ಲ" ಎಂದರು.