ನೀರುನಾಯಿಯ ಜಾಗ ಹೇಳಿದವಳು ನಾನು

ಮೊದಲ ಏಟು ಹಾಕಿದವನು ನನ್ನ ಕಾಕಾ. ಬಿದಿರಿನ ಗಳ ನೀರುನಾಯಿಯ ಸೊಂಟದ ಮೇಲೆ ಬಿದ್ದಾಗ ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸಪ್ಪಳವಾಯಿತು. ಅದು ಸಾಯಲಿಲ್ಲ. ಮುಂಗಾಲುಗಳ ಮೇಲೆ ಎದ್ದು, ಹಿಂದಿನ ಅರ್ಧ ಮೈಯನ್ನು ಎಳೆದುಕೊಂಡು ನೀರಿನ ಕಡೆ ಹೊರಟಿತು. ಎರಡನೆಯ ಏಟು ತಲೆಗೆ ಬಿತ್ತು. ಕೊಂದವರು ಯಾರೆಂದು ಕೇಳಿದರೆ ಹನ್ನೊಂದು ತೆಪ್ಪದವರ ಕಡೆ ಕೈ ತೋರಿಸಬಹುದು. ಆದರೆ ಜಾಗ ಹೇಳಿದವಳು ನಾನು. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದರೆ ಅದು ಸುಳ್ಳಾಗುತ್ತದೆ.

ನಾವು ಸವದತ್ತಿ ತಾಲ್ಲೂಕಿನವರು, ಮಲಪ್ರಭೆಯ ಹಿನ್ನೀರಿನ ದಂಡೆಯ ಮೇಲೆ ಇರುವವರು. ಸುತ್ತಲಿನವರಿಗೆ ಹೊಲವಿದೆ, ನಮಗೆ ಬಲೆಯಿದೆ. ಹಿನ್ನೀರು ಒಂದು ಕಡೆ ಗುಡ್ಡದ ಸಂದಿಗೆ ಚಾಚಿಕೊಂಡು ಕೊಳ್ಳವಾಗಿದೆ. ಅಲ್ಲಿ ಗಾಳಿಯ ಹೊಡೆತವಿಲ್ಲ, ಮೀನು ತಂಗುವುದು ಅಲ್ಲಿಯೇ. ಆ ಕೊಳ್ಳದಲ್ಲಿ ಬಲೆ ಬಿಡಲು ಹನ್ನೊಂದು ತೆಪ್ಪಕ್ಕೆ ಮಾತ್ರ ಪಾಳಿ. ಅದರಲ್ಲಿ ನಮ್ಮ ಅಪ್ಪನದೊಂದು, ಅವನ ತಮ್ಮ, ಅಂದರೆ ಕಾಕಾನದೊಂದು.

ಪಾಳಿಗೆ ಒಂದು ಕಟ್ಟಳೆಯಿತ್ತು. ನೀರುನಾಯಿ ಒಬ್ಬನ ಬಲೆಯನ್ನು ಮೂರು ಸಲ ಹರಿದರೆ ಅವನು ಆ ಹರಿದ ಬಲೆಯನ್ನು ಗಳಕ್ಕೆ ಕಟ್ಟಿ ದಂಡೆಯ ಮೇಲೆ ನಿಲ್ಲಿಸುತ್ತಾನೆ. ಅದನ್ನು ಕಂಡ ಮೇಲೆ ತೆಪ್ಪಕ್ಕೊಬ್ಬರು ಗಳ ಹಿಡಿದು ಬರಬೇಕು. ಮಗಳ ಮದುವೆಯಿದ್ದರೂ ಬರಬೇಕು. ಬರದವನ, ಬಂದು ಅಡ್ಡ ನಿಂತವನ ಪಾಳಿ ಹೋದಂತೆಯೇ.

ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೇ ಮೊದಲು. ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದೆ. ಬಸ್ಸಿನಲ್ಲಿ ಒಬ್ಬಳು ನನ್ನ ಪಕ್ಕ ಕುಳಿತ ಕೂಡಲೇ ಮೀನಿನ ವಾಸನೆಯೆಂದು ಮೂಗಿಗೆ ಓಢಣಿ ಹಿಡಿದು ಎದ್ದುಹೋದಳು. ಅವಳ ಜಡೆ ಹಿಡಿದು ಎಳೆದು ಮತ್ತೆ ಕೂರಿಸಿದೆ. ಕಂಡಕ್ಟರ್ ಇಬ್ಬರನ್ನೂ ಇಳಿಸಿದ. ಅವತ್ತು ಉಳಿದ ದಾರಿ ನಡೆದೇ ಕಾಲೇಜು ಮುಟ್ಟಿದೆ, ತರಗತಿ ತಪ್ಪಿಸಲಿಲ್ಲ. ಪದವಿಯ ಕಾಗದ ಇವತ್ತಿಗೂ ನಮ್ಮ ಮನೆಯ ಗೋಡೆಯ ಮೇಲೆ ದೇವರ ಫೋಟೋದ ಸಾಲಿನಲ್ಲಿದೆ. ಯಾರೇ ನಗಲಿ, ತೆಗೆಯುವುದಿಲ್ಲ.

ಎರಡನೆಯ ವರ್ಷ ಪ್ರಾಣಿಶಾಸ್ತ್ರದ ಮೇಡಂ ಕಡಲ ನೀರುನಾಯಿಯ ಪಾಠ ಮಾಡಿದರು. ದೂರದ ತಂಪು ಸಮುದ್ರದ ಪ್ರಾಣಿ. ಅಂಗಾತ ತೇಲುತ್ತ ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪನ್ನು ಅದಕ್ಕೆ ಬಡಿದು ಒಡೆದು ತಿನ್ನುತ್ತದೆ. ಮುಳ್ಳಿನ ಚೆಂಡಿನಂಥ ಕಡಲಜೀವಿಯೊಂದಿದೆ, ಅದೂ ಇದರ ಊಟ. ತುಪ್ಪಳದ ಆಸೆಗೆ ವ್ಯಾಪಾರಿಗಳು ನೀರುನಾಯಿಯನ್ನು ಕೊಂದು ಕೊಂದು ಬಹಳಷ್ಟು ಕಡೆ ಬರಿದು ಮಾಡಿದರು. ತಿನ್ನುವವರಿಲ್ಲದೆ ಆ ಮುಳ್ಳುಚೆಂಡುಗಳು ತುಂಬಿಕೊಂಡವು, ಸಮುದ್ರದ ತಳದಲ್ಲಿ ಗಿಡಮರದ ಹಾಗೆ ಎದ್ದುನಿಂತ ಪಾಚಿಯ ಕಾಡನ್ನು ಬುಡಸಮೇತ ಕಡಿದು ತಿಂದವು. ಕಾಡು ಹೋಯಿತು, ಕಾಡಿನಲ್ಲಿ ಅಡಗುತ್ತಿದ್ದ ಮೀನೂ ಹೋಯಿತು.

ನಾನು ಎದ್ದು ನಿಂತೆ. "ಮೇಡಂ, ನಮ್ಮ ಹೊಳ್ಯಾಗೂ ನೀರನಾಯಿ ಅದಾವ್ರಿ."

"ಹೌದಾ? ಅವು ಏನ್ ತಿಂತಾವು?"

"ನಮ್ಮ ಮೀನರೀ!"

ತರಗತಿ ನಕ್ಕಿತು. ಮೇಡಂ ನಗಲಿಲ್ಲ. "ನೋಡಿ ಹೇಳ್ತಿಯೋ, ಕೇಳಿ ಹೇಳ್ತಿಯೋ? ಅದರ ಲದ್ದಿ ತಂದು ತೊಳದು ನೋಡು. ಅದು ಸುಳ್ಳು ಹೇಳೂದಿಲ್ಲ."

ಅವತ್ತಿನಿಂದ ಬೇಸಿಗೆ ಮುಗಿಯುವವರೆಗೂ ನಾನು ನೀರುನಾಯಿಯ ಲದ್ದಿ ಆರಿಸಿದೆ. ಅಪ್ಪ ಬೈಯುತ್ತಲೇ ತೆಪ್ಪದಲ್ಲಿ ಕರೆದೊಯ್ಯುತ್ತಿದ್ದ. ಅವು ಕಂಡಕಂಡಲ್ಲಿ ಹೇತು ಹೋಗುವ ಪ್ರಾಣಿಯಲ್ಲ, ಜಾಗ ಗೊತ್ತುಮಾಡಿಕೊಂಡು ದಿನಾ ಅಲ್ಲಿಗೇ ಬರುತ್ತವೆ. ಅಂಥ ಎರಡು ಜಾಗ ಸಿಕ್ಕವು. ನೀರು ಇಳಿದಾಗ ಮೇಲೇಳುವ ಮುಳುಗಿದ ಹಳೇ ಊರಿನ ಗೋಡೆಯ ಹತ್ತಿರ ಒಂದು, ಮೇಲಕ್ಕೆ ಬಂಡೆಗಳ ನಡುವೆ ಇನ್ನೊಂದು. ತಂದದ್ದನ್ನು ಅವ್ವನ ಹಿಟ್ಟಿನ ಸಾಣಿಗೆಯಲ್ಲಿ ಹಾಕಿ ತೊಳೆದೆ. ಅವ್ವ ಅದೇ ಸಾಣಿಗೆಯಿಂದ ನನ್ನ ಬೆನ್ನಿಗೆ ಬಾರಿಸಿದಳು. "ಇದನ್ನ ಕಲಿಯಾಕ ಹೊಂಗಲಕ್ಕ ಹೊಕ್ಕೀಯೇನ? ಹೇಲು ತೊಳ್ಯೂದು ಇಲ್ಲೇ ಕಲಿಸ್ತಿದ್ನೆಲ್ಲ!" ಸಾಣಿಗೆಯ ಕಟ್ಟು ಮುರಿಯಿತು, ನನ್ನ ಬೆನ್ನ ಮೇಲೆ ಅದರ ಸುತ್ತು ಎಂಟು ದಿನ ಉಳಿಯಿತು.

ಸಾಣಿಗೆಯಲ್ಲಿ ಉಳಿದದ್ದು ಹೆಚ್ಚಾಗಿ ಏಡಿಯ ಚಿಪ್ಪಿನ ಚೂರು, ಜಿಲೇಬಿ ಮೀನಿನ ಹುರುಪೆ, ಮತ್ತೆ ಗರಗಸದಂಥ ಮುಳ್ಳೆಲುಬು. ಆ ಎಲುಬು ಆಫ್ರಿಕಾದ ಕ್ಯಾಟ್‌ಫಿಶ್‌ನದು. ಯಾರದೋ ಹೊಂಡದಿಂದ ತಪ್ಪಿಸಿಕೊಂಡು ಹೊಳೆಗೆ ಬಿದ್ದ ಆ ಮೀನು ನಮ್ಮ ರೋಹು, ಕಟ್ಲಾ ಮರಿಗಳನ್ನು ನುಂಗಿ ನುಂಗಿ ಬೆಳೆಯುತ್ತಿತ್ತು. ನೀರುನಾಯಿ ಅದನ್ನು ತಿನ್ನುತ್ತಿತ್ತು. ಪಾಠ ನನ್ನ ಅಂಗೈಯ ಮೇಲೆ ಬಂದು ಕುಳಿತಂತಾಯಿತು.

ಕೊನೆಯ ವರ್ಷದ ಪರೀಕ್ಷೆ ಮುಗಿದು ಫಲಿತಾಂಶ ಬಂದ ವಾರವೇ ಕಾಕಾ ಹರಿದ ಬಲೆ ಕಟ್ಟಿದ ಗಳ ನಿಲ್ಲಿಸಿದ. ಸಂಜೆ ಎಲ್ಲರೂ ದಂಡೆಯ ಮೇಲೆ ಕೂಡಿದರು. ನಾನು ಚಿಪ್ಪು, ಎಲುಬು ತುಂಬಿದ ಡಬ್ಬಿ ಹಿಡಿದುಕೊಂಡು ಹೋದೆ. ಗಂಡಸರ ನಡುವೆ ನಿಂತು ಕ್ಯಾಟ್‌ಫಿಶ್‌ನ ಎಲುಬು ಎತ್ತಿ ತೋರಿಸಿದೆ, ಕಡಲ ನೀರುನಾಯಿಯ ಕಥೆ ಹೇಳಿದೆ, ಇದನ್ನು ಕೊಂದರೆ ಜೈಲು ಎಂದೂ ಹೇಳಿದೆ.

"ಜೈಲಿನ್ಯಾಗ ಬಲಿ ಹರ್ಯೂ ನಾಯಿ ಇರೂದಿಲ್ಲಲ್ಲ? ಹಂಗಾರ ನಡಿ," ಎಂದ ಒಬ್ಬ. ಎಲ್ಲರೂ ನಕ್ಕರು.

ಕಾಕಾ ಮಾತ್ರ ನಗಲಿಲ್ಲ. "ಸುಮ್ನಿರ್ರಲೇ. ನಮ್ಮ ಮನಿ ಹುಡುಗಿ ಡಿಗ್ರಿ ಮಾಡ್ಯಾಳ. ಹೇಳೂದು ಕೇಳ್ರಿ." ನನ್ನ ಕಡೆ ತಿರುಗಿದ. "ಇಷ್ಟೆಲ್ಲಾ ಎಲ್ಲಿ ಹುಡುಕಿದಿಯವ್ವಾ?"

ಆ ಗುಂಪಿನಲ್ಲಿ ಯಾರೂ ನನ್ನನ್ನು ಅಷ್ಟು ಮರ್ಯಾದೆಯಿಂದ ಏನನ್ನೂ ಕೇಳಿರಲಿಲ್ಲ. ಎದೆ ಉಬ್ಬಿತು. "ಹಳೇ ಊರಿನ ಗೋಡಿ ಕಡೆ, ಕಾಕಾ. ದಿನಾ ಹೊತ್ತು ಏರೂದ್ರಾಗ ಅಲ್ಲೇ ಬರ್ತಾವ. ಗೋಡಿ ಬುಡದಾಗ ಬಿಲ ಐತಿ, ಒಂದs ಬಾಯಿ. ಮರಿ ಅದಾವ ಅದರಾಗ, ಮೊನ್ನೆ ನೋಡೀನಿ."

ಮಾತು ಮುಗಿಯುವಷ್ಟರಲ್ಲಿ ಅಪ್ಪನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ಕಾಕಾ ಎದ್ದು ಧೋತರದ ಮಣ್ಣು ಝಾಡಿಸಿದ. "ಸಾಕು. ನಾಳೆ ಮುಂಜಾನೆ."

ಮುಂಜಾನೆ ಬಿಲದ ಬಾಯಿಗೆ ಬಲೆ ಕಟ್ಟಿದರು. ಗೋಡೆಯ ಸಂದಿಯಿಂದ ಹಸಿ ಬೇವಿನ ಸೊಪ್ಪು, ಒಣ ಮೆಣಸಿನಕಾಯಿ ಸುಟ್ಟು ಹೊಗೆ ತುಂಬಿದರು. ಕೆಮ್ಮಿದ್ದು ಮೊದಲು ಮನುಷ್ಯರೇ. ಆಮೇಲೆ ಒಳಗಿನಿಂದ ಸಣ್ಣ ಮಕ್ಕಳು ಕಿರುಚಿದಂತೆ ಕೇಳಿತು. ತಾಯಿ ಬಾಯಲ್ಲಿ ಮರಿ ಕಚ್ಚಿಕೊಂಡು ಹೊರಗೆ ಬಂದು ಬಲೆಗೆ ಬಿತ್ತು. ಕಾಕಾ ಹೊಡೆದದ್ದು ಆಗ. ಮರಿ ಅದರ ಬಾಯಿಂದ ಜಾರಿ ಒಬ್ಬನ ಕಾಲಡಿ ಸಿಕ್ಕು ಅಲ್ಲೇ ಜಜ್ಜಿಹೋಯಿತು. ನಾನು ಕಾಕಾನ ಗಳ ಹಿಡಿದು ಜಗ್ಗಿದೆ. ಅವನು ತಿರುಗಿ ಕಪಾಳಕ್ಕೆ ಹೊಡೆದ. ಬಾಯಲ್ಲಿ ರಕ್ತ ಬಂತು, ಕಿವಿ ಗುಂಯ್ ಎಂದಿತು. ಬಿದ್ದಲ್ಲಿಂದಲೇ ಅವನ ಕಾಲಿಗೆ ಹಲ್ಲು ನೆಟ್ಟೆ. ಅಪ್ಪ ನನ್ನ ರಟ್ಟೆ ಹಿಡಿದು ಎಳೆದೊಗೆದ.

ಅಷ್ಟರಲ್ಲಿ ದೊಡ್ಡ ಗಂಡು ಹೊರಗೆ ಬಂತು. ಬಲೆ ಹರಿದುಕೊಂಡು ನುಗ್ಗಿದ ದಾರಿಯಲ್ಲಿ ಅಪ್ಪ ನಿಂತಿದ್ದ. ಅವನು ಗಳ ಎತ್ತಲಿಲ್ಲ. ಎತ್ತಲಿಲ್ಲವೋ, ಆಗಲಿಲ್ಲವೋ ನಾನು ಕೇಳಿಲ್ಲ. ಅದು ಅವನ ಬಲಗೈಯನ್ನು ಕಚ್ಚಿ, ತಲೆ ಎರಡು ಸಲ ಒದರಿ ಬಿಟ್ಟು ನೀರಿಗೆ ಬಿತ್ತು. ಹೆಬ್ಬೆರಳು ಚರ್ಮದ ಮೇಲೆ ಜೋತಾಡುತ್ತಿತ್ತು. ಅವನು ಹೆಗಲ ಮೇಲಿನ ಟವೆಲ್ ಕೈಗೆ ಸುತ್ತಿಕೊಂಡು ಕುಳಿತ.

ಮರಳಿನ ಮೇಲೆ ನಾಲ್ಕು ಹೆಣ. ಒಂದು ತಾಯಿ, ಬಿಲದೊಳಗೆ ಹೊಗೆಗೆ ಸತ್ತ ಎರಡೂ ಸೇರಿ ಮೂರು ಮರಿ. ನನಗೆ ಹುಚ್ಚು ಹಿಡಿದಂತಾಗಿತ್ತು. ಮೀನು ಕೊಯ್ಯುವ ಚೂರಿ ತೆಗೆದುಕೊಂಡು ಎಲ್ಲರೆದುರೇ ತಾಯಿಯ ಹೊಟ್ಟೆ ಸೀಳಿದೆ. "ನೋಡ್ರಿ! ಕಣ್ಣಿಂದ ನೋಡ್ರಿ!" ಏಡಿಯ ಚೂರು, ಕ್ಯಾಟ್‌ಫಿಶ್‌ನ ತಲೆ. ಅವುಗಳ ನಡುವೆ ಒಂದು ರೋಹು ಮರಿ. ಒಂದೇ ಒಂದು, ಬೆರಳುದ್ದ.

ಕಾಕಾ ಅದನ್ನು ಬಾಲ ಹಿಡಿದು ಎತ್ತಿದ. "ಇದೇನಿದು, ಪದವೀಧರವ್ವಾ?"

ಉತ್ತರವಿತ್ತು. ಒಂದು ತಿಂದು ನೂರು ಉಳಿಸುತ್ತದೆ ಎಂಬ ಉತ್ತರ. ರಕ್ತದ ಕೈಯಲ್ಲಿ ಚೂರಿ ಹಿಡಿದು ನಿಂತವಳ ಬಾಯಲ್ಲಿ ಅದು ಬರಲಿಲ್ಲ.

"ಗಂಡು ತಪ್ಪಿಸಿಕೊಂಡೈತಿ. ಇನ್ನೊಂದು ಜಾಗ ಇರಬೇಕು. ಎಲ್ಲೈತಿ?" ಎಂದು ಕೇಳಿದ ಕಾಕಾ.

"ಗೊತ್ತಿಲ್ಲ."

"ನೀರ ಹಿಡದ ಹೇಳು." ನಮ್ಮಲ್ಲಿ ಹೊಳೆಯ ನೀರು ಬೊಗಸೆಯಲ್ಲಿ ಹಿಡಿದು ಆಣೆ ಮಾಡುತ್ತಾರೆ. ಹಾಗೆ ಹಿಡಿದು ಸುಳ್ಳಾಡಿದವನ ತೆಪ್ಪ ಮಗುಚುತ್ತದೆ ಎಂಬುದು ಮಾತು. ನಾನು ವಿಜ್ಞಾನ ಓದಿದವಳು, ಸುಳ್ಳಾಡಲು ಸಿದ್ಧಳಾಗಿಯೇ ನೀರಿಗೆ ಇಳಿದೆ.

ಕಾಕಾ ತಡೆದ. "ನೀ ಬ್ಯಾಡ. ನಿನ್ನ ಅಪ್ಪ ಹಿಡೀಲಿ. ಇಕಿನ್ನ ತೆಪ್ಪದಾಗ ಕರಕೊಂಡು ಅಡ್ಯಾಡಿದಾಂವ ಅವನs. ಅಣ್ಣಾ, ಹೇಳು. ಇನ್ನೊಂದು ಜಾಗ ಐತೋ ಇಲ್ಲೋ?"

ಅಪ್ಪ ಎದ್ದ. ಆ ಕೊಳ್ಳ ನಮ್ಮ ಮನೆಯ ಒಲೆ. ಪಾಳಿ ಹೋದರೆ ನಡುನೀರಿನ ಗಾಳಿಯಲ್ಲಿ ಬಲೆ ಬಿಡಬೇಕು, ಅದೂ ಹೆಬ್ಬೆರಳಿಲ್ಲದ ಕೈಯಲ್ಲಿ. ಅವನು ಮೊಣಕಾಲುದ್ದ ನೀರಿಗೆ ಇಳಿದು ಟವೆಲ್ ಬಿಚ್ಚಿದ. ಎರಡೂ ಕೈ ಕೂಡಿಸಿ ನೀರು ಎತ್ತಿದ. ನೀರು ಬೊಗಸೆಯಲ್ಲಿ ನಿಲ್ಲಲಿಲ್ಲ, ಕೆಂಪಾಗಿ ಸೋರುತ್ತಲೇ ಇತ್ತು.

"ಐತಿ," ಎಂದ. "ನನಗೂ ಗೊತ್ತೈತಿ, ನನ್ನ ಮಗಳಿಗೂ ಗೊತ್ತೈತಿ. ಹೇಳೂದಿಲ್ಲ."

ಕಾಕಾ ನಮ್ಮ ತೆಪ್ಪದ ಹತ್ತಿರ ಹೋಗಿ ಗಳದ ಚೂಪು ತುದಿಯಿಂದ ಅದರ ತಳಕ್ಕೆ ತಿವಿದ. ಒಂದು ಸಲವಲ್ಲ, ಬಿದಿರಿನ ಹೆಣಿಗೆ ಬಿಚ್ಚಿಕೊಳ್ಳುವವರೆಗೆ ತಿವಿದ. ಅಪ್ಪ ನೀರಿನಲ್ಲಿ ನಿಂತೇ ನೋಡಿದ.

ಸವದತ್ತಿಯ ದವಾಖಾನೆಯಲ್ಲಿ ಹೆಬ್ಬೆರಳನ್ನು ಪೂರ್ತಿ ಕತ್ತರಿಸಿದರು. ಅವ್ವ ಒಂದು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಕಾಕಾನ ಮನೆಯವರು ಇವತ್ತಿಗೂ ಮಾತಾಡುವುದಿಲ್ಲ. ಕೊಳ್ಳದಲ್ಲಿ ಈಗ ಕ್ಯಾಟ್‌ಫಿಶ್ ಹೆಚ್ಚಾಗಿ, ರೋಹು ಕಡಿಮೆಯಾಗಿದೆ ಎನ್ನುತ್ತಾರೆ. ಅದು ನೀರುನಾಯಿ ಸತ್ತದ್ದಕ್ಕೇ ಆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ನೀರು ಕೆಟ್ಟಿದೆ, ಮಳೆಯೂ ಹೆಚ್ಚುಕಡಿಮೆಯಾಗಿದೆ. ಆದರೆ ಏಡಿಗಳು ಬದುಗಳನ್ನು ತೂತು ಮಾಡುವುದು ಹೆಚ್ಚಾಗಿದೆ ಎಂದು ದಂಡೆಯ ಹೊಲದವರು ಬೈಯುವುದನ್ನು ನನ್ನ ಕಿವಿಯಿಂದಲೇ ಕೇಳಿದ್ದೇನೆ.

ನಾನು ಮುಂದೆ ಎಂ.ಎಸ್ಸಿ. ಮುಗಿಸಿ ರಾಮದುರ್ಗದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಕಡಲ ನೀರುನಾಯಿಯ ಪಾಠ ನಾನೇ ಮಾಡುತ್ತೇನೆ. ಲದ್ದಿ ತೊಳೆಯುವುದನ್ನು ಹುಡುಗರಿಗೆ ಕಲಿಸುತ್ತೇನೆ. ತಂದ ಜಾಗವನ್ನು ಪುಸ್ತಕದಲ್ಲಿ ಬರೆಯಬೇಡಿ ಎನ್ನುತ್ತೇನೆ. ಏಕೆ ಎಂದು ಅವರು ಕೇಳುತ್ತಾರೆ, ನಾನು ಹೇಳುವುದಿಲ್ಲ.

ಅಪ್ಪ ಹೊಸ ತೆಪ್ಪ ಹೆಣೆಸಿ ನಡುನೀರಿನಲ್ಲಿ ಬಲೆ ಬಿಡುತ್ತಾನೆ. ಹೋದ ರವಿವಾರ ಊರಿಗೆ ಹೋದಾಗ ಅಂಗಳದಲ್ಲಿ ಹರಿದ ಬಲೆ ಹರಡಿಕೊಂಡು ಕುಳಿತಿದ್ದ. ಹಲ್ಲಿನಲ್ಲಿ ನೂಲು ಕಚ್ಚಿ, ನಾಲ್ಕು ಬೆರಳಿನಲ್ಲಿ ಸೂಜಿ ಹಿಡಿದು, ತಾಯಿ ತಂಗಿ ಎನ್ನದೆ ಬೈಯುತ್ತಿದ್ದ.

"ಯಾರಿಗಪ್ಪಾ ಬೈಯಾಕ ಹತ್ತೀದಿ?"

"ನಿನ್ನ ಡಿಗ್ರಿ ನಾಯಿಗೆ. ನಿನ್ನೆ ಬಂದಿದ್ವು. ಬಲಿ ಎರಡ ಸೀಳ ಮಾಡ್ಯಾವ, ಸೂಳೇಮಕ್ಕಳು."

ನನ್ನ ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. "ಎಷ್ಟು ಅದಾವು?"

"ಐದು. ಮರಿ ಸೇರಿ."

"ಎಲ್ಲಿ? ಯಾವ ಕಡೆ ಹೋದ್ವು?"

ಅಪ್ಪ ನೂಲನ್ನು ಹಲ್ಲಿನಿಂದ ಕಡಿದು ಉಗುಳಿದ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಿನಗ್ಯಾಕ ಹೇಳ್ಲಿ?" ಎಂದ. "ಬಲಿ ಆ ತುದಿ ಹಿಡಿ."