ಮೈಕಿನ ಪೆಟ್ಟಿಗೆಯೊಳಗಿನ ಹತೋಡಿ

ಪ್ರಮಿಲಾಬಾಯಿ ಒಂದು ಮಾತು ಮೊದಲೇ ಹೇಳಬೇಕಿತ್ತು ಎಂಬ ಸಿಟ್ಟು ಗೋರಖನಾಥನಿಗೆ ಇವತ್ತಿಗೂ ಇಳಿದಿಲ್ಲ. ಬೀದರದಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಆ ಬಾಯಿಯವರ ಹೆಸರು ಬಂದರೆ ಸಾಕು, ಔರಾದಿನ ತನ್ನ ಮೈಕಿನ ಅಂಗಡಿಯಲ್ಲಿ ಕೂತಲ್ಲೇ ದನಿ ಏರಿಸುತ್ತಾನೆ. "ಸರ್ಟಿಫಿಕೇಟ್ ಕೊಡಸ್ಲಿಕ್ಕೆ ಬರ್ತದ, ಖರೇ ಮಾತು ಹೇಳ್ಲಿಕ್ಕೆ ಬರಂಗಿಲ್ಲೇನು?" ಕೇಳುವವರು ಹೂಂಗುಟ್ಟುತ್ತಾರೆ. ಅವನೆದುರು ಊಹೂಂ ಅನ್ನುವ ಧೈರ್ಯ ಯಾರಿಗಿದೆ?

ಗೋರಖನಾಥ ಐದನೇ ಇಯತ್ತೆಗೇ ಸಾಲಿ ಬಿಟ್ಟವನು. ಮದುವೆಯಿರಲಿ, ಜಯಂತಿಯಿರಲಿ, ಉರುಸಿರಲಿ, ಸುತ್ತಲಿನ ಊರುಗಳಿಗೆ ಅವನದೇ ಮೈಕು. ಮಗಳು ಉಜ್ವಲಾ ಅಜ್ಜಿ ಅಂಜನಾಬಾಯಿಯ ಮಗ್ಗುಲಲ್ಲಿ ಕೂತು ಭೀಮಗೀತೆ ಹಾಡುತ್ತಲೇ ಬೆಳೆದಳು. ಅಜ್ಜಿ ಚಪ್ಪಾಳೆ ಹಾಕುವಳು, ಇವಳು ದನಿ ಎತ್ತುವಳು, ಓಣಿಯ ಹೆಂಗಸರು ಹಂಚಿನ ಮೇಲಿನ ರೊಟ್ಟಿ ಮರೆತು ಬಂದು ನಿಲ್ಲುವರು. ಗೋರಖನಾಥನಿಗೆ ಅದು ಸಂಗೀತ ಅನ್ನಿಸಿರಲೇ ಇಲ್ಲ. ಕಾಗದವಿಲ್ಲದ್ದಕ್ಕೆ ತಾನು ಎಲ್ಲ ಕಡೆ ಹಿಂದೆ ನಿಂತವನು. ಮಗಳ ಕೈಯಲ್ಲಿ ಮೊಹರು ಬಿದ್ದ ಕಾಗದ ಇರಬೇಕೆಂಬುದು ಅವನ ಹಟ. ಪ್ರಮಿಲಾಬಾಯಿಯ ಕ್ಲಾಸಿಗೆ ಹಾಕಿದ. ರವಿವಾರ ಬಂದರೆ ಅಪ್ಪ ಮಗಳು ಬೀದರದ ಬಸ್ಸಿನಲ್ಲಿ.

"ಪರೀಕ್ಷಾ ಮುಗಿಯೋತನಾ ಓಣ್ಯಾಗ ಗಂಟಲ ಹರಕೋಬ್ಯಾಡ," ಎಂದು ಮಗಳಿಗೆ ತಾಕೀತು ಮಾಡಿದ. "ನೀನೂ ಚಪ್ಪಾಳಿ ಬಂದ್ ಮಾಡು ಯವ್ವಾ. ಆಕಿ ತಾಳ ಕೆಡ್ತದ."

"ಅಯ್ಯ, ನನ್ನ ಚಪ್ಪಾಳಿಗೂ ಪಾಸು ಫೇಲು ಹಚ್ಚಿದಿ ಏನೋ?" ಎಂದಳು ಅಂಜನಾಬಾಯಿ. ಮಗ ನಗಲಿಲ್ಲ. ಅವಳು ಕೈ ಮಡಚಿ ಕೂತಳು.

ಮೊದಲ ಪರೀಕ್ಷೆಯಲ್ಲಿ ಉಜ್ವಲಾ ಭೂಪ ರಾಗದ ಬಂದಿಶ್ ಹಾಡಿ ಫಸ್ಟ್ ಕ್ಲಾಸ್ ಬಂದಳು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಬಿಟ್ಟ ಗೋರಖನಾಥ, ಆ ಬಂದಿಶನ್ನೇ ಭೀಮಜಯಂತಿಯ ಸ್ಟೇಜಿನ ಮೇಲೆ ಹಾಡಿಸುತ್ತೇನೆಂದು ಹೊರಟ.

"ಇನ್ನೊಂದು ಎರಡು ವರ್ಷ ಸ್ಟೇಜ್ ಬ್ಯಾಡ್ರಿ," ಎಂದರು ಪ್ರಮಿಲಾಬಾಯಿ.

"ಯಾಕ್ರಿ? ಫಸ್ಟ್ ಕ್ಲಾಸ್ ಸುಳ್ಳೇನು?"

ಬಾಯಿಯವರು ಸುಮ್ಮನಾದರು. ಹಾಗೆ ಸುಮ್ಮನಾದದ್ದೇ ಇವನ ತಕರಾರು.

ಜಯಂತಿಯ ಸಂಜೆ ತಬಲಾಕ್ಕೆ ಭಾಲ್ಕಿಯ ಚಾಂದ ಪಾಶಾ ಬಂದಿದ್ದ. ಪ್ರತಿ ವರ್ಷ ಬರುವವನೇ. ಹತೋಡಿಯೆಂಬ ಸಣ್ಣ ಸುತ್ತಿಗೆಯಿಂದ ತಬಲಾದ ಅಂಚು ಬಡಿದು ಸ್ವರ ಕೂಡಿಸುತ್ತ, "ಬೇಟಿ, ಮೊದಲ ಅಜ್ಜಿ ಕೂಡ ಹಾಡ್ತಿದ್ದಿಯಲ್ಲ, ಅದು ಆಗ್ಲಿ. ಅಂಜಿಕಿ ಹೋಗ್ತದ. ಆಮ್ಯಾಲ ಇದು," ಎಂದ.

"ಅದು ಓಣಿ ಹಾಡು. ಪರೀಕ್ಷಾದ್ದೇ ಹಾಡ್ತಾಳ," ಎಂದು ಮಿಕ್ಸರ್ ಮುಂದೆ ಕೂತಿದ್ದ ಗೋರಖನಾಥ ಅಲ್ಲಿಂದಲೇ ಕೂಗಿದ.

ಎರಡು ಸಾಲು ಚೆಂದ ಬಂದವು. ಆಮೇಲೆ ಸ್ವರಗಳ ಓಟದ ತಾನ್ ಮುಗಿಸಿ ಪಲ್ಲವಿಗೆ ತಿರುಗುವಾಗ ಹುಡುಗಿ ಅವಸರ ಮಾಡಿದಳು. ತಾಳದ ಮೊದಲ ಪೆಟ್ಟು ಇನ್ನೂ ಬಂದಿರಲಿಲ್ಲ. ಹಾಡು ಒಂದು ದಾರಿ, ತಬಲಾ ಒಂದು ದಾರಿ. ಅವಳು ಹಾಡುತ್ತಲೇ ಚಾಂದ ಪಾಶಾನ ಮುಖ ನೋಡಿದಳು, ಯಾರೋ ಬಂದು ಕೈ ಹಿಡಿಯುವರೆಂಬ ಹಾಗೆ. ಅವನು ತಾಳದ ಠೇಕಾ ಬಿಡಲಿಲ್ಲ. ಮೊದಲ ಪೆಟ್ಟನ್ನು ಮಾತ್ರ ಜರಾ ಒತ್ತಿ ಒತ್ತಿ ಬಾರಿಸಿದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗೋರಖನಾಥನಿಗೆ ಸಿಟ್ಟು ನೆತ್ತಿಗೇರಿತು. ತಬಲಾದ ಗದ್ದಲಕ್ಕೇ ಕೂಸು ತಪ್ಪುತ್ತಿದೆ ಎಂದುಕೊಂಡು ತಬಲಾ ಮೈಕಿನ ಗುಂಡಿಯನ್ನು ಪೂರ್ತಿ ಇಳಿಸಿಬಿಟ್ಟ. ಹುಡುಗಿಗೆ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ. ಅವಳ ಬಾಯಿ ಕಟ್ಟಿತು.

ಇವನು ಸ್ಟೇಜಿಗೆ ಹಾರಿದ. "ಚಾಂದಾ! ಕೂಸಿನ ಮಾನ ಕಳೀಲಿಕ್ಕೆ ಭಾಲ್ಕಿಲಿಂದ ಬಂದಿ ಏನು? ಬಾರಸ್ಲಿಕ್ಕೆ ಬರಂಗಿಲ್ಲಂದ್ರ ಎದ್ದು ಹೋಗು!" ಮಗಳ ಮುಂದಿನ ಮೈಕು ಚಾಲೂ ಇತ್ತು. ಮೈದಾನಕ್ಕೆ ಮೈದಾನವೇ ಕೇಳಿತು.

"ಗೋರಖಭಾಯ್, ಹುಡುಗಿ ನಡುಗ್ಲಿಕ್ಕತ್ಯಾಳ. ಮೊದಲ ಆಕಿನ್ನ ಕೆಳಗ ಕರಕೊಂಡು ಹೋಗ್ರಿ," ಎಂದು ಚಾಂದ ಪಾಶಾ ತಬಲಾಕ್ಕೆ ಬಟ್ಟೆ ಸುತ್ತಿ ಹೊರಟುಹೋದ. ಹತೋಡಿ ಅಲ್ಲೇ ಬಿತ್ತು. ವೈರು ಸುತ್ತುವಾಗ ಸಿಕ್ಕಿದ್ದನ್ನು ಗೋರಖನಾಥ ಪೆಟ್ಟಿಗೆಗೆ ಒಗೆದ. "ಬೇಕಾದ್ರ ಬಂದು ಒಯ್ಲಿ."

ಮುಂದೊಂದು ರವಿವಾರ ಕ್ಲಾಸಿನ ಸ್ಪೀಕರ್ ಕೆಟ್ಟಿತೆಂದು ಇವನು ಒಳಗೆ ಕೂತು ರಿಪೇರಿ ಮಾಡುತ್ತಿದ್ದ. ಪ್ರಮಿಲಾಬಾಯಿಯ ತಮ್ಮ ಮಕರಂದ ತಬಲಾ ಬಾರಿಸುತ್ತಿದ್ದ. ಮಕ್ಕಳಿಗೆ ಕ್ಲಾಸಿನಲ್ಲೂ ಪರೀಕ್ಷೆಯಲ್ಲೂ ಅವನದೇ ಸಾಥ್. ಒಬ್ಬ ಹುಡುಗ ಅವಸರ ಮಾಡಿದ. ಮಕರಂದ ಎರಡು ಪೆಟ್ಟು ನುಂಗಿ ಅವನನ್ನು ಕೂಡಿಕೊಂಡ. ಇನ್ನೊಬ್ಬಳು ತಡಮಾಡಿದಳು; ಅವಳಿಗಾಗಿ ನಿಂತ, ತಲೆದೂಗಿ ಕರೆದುಕೊಂಡ. ಗೋರಖನಾಥನ ಕೈಯಲ್ಲಿನ ಸ್ಕ್ರೂಡ್ರೈವರ್ ನಿಂತಿತು.

ಬಸ್ಸಿನಲ್ಲಿ ಮಗಳನ್ನು ಕೇಳಿದ. "ನಿನಗೂ ಹಿಂಗೇ ಬಾರಸ್ತಿದ್ರೇನು?"

"ಎಲ್ಲಾರಿಗೂ ಹಿಂಗೇ ಪಪ್ಪಾ. ಚಾಂದ ಕಾಕಾ ಬರೋಬ್ಬರಿ ಬಾರಿಸಿದ್ರು. ನಾನೇ ತಪ್ಪಿದೆ."

"ಆವತ್ತೇ ಯಾಕ ಹೇಳಲಿಲ್ಲ?"

"ನಿನ್ನ ಸಿಟ್ಟು ನೋಡಿ."

ಮುಂದಿನ ರವಿವಾರ ಪ್ರಮಿಲಾಬಾಯಿಯ ಮೇಲೆ ಏರಿ ಹೋದ. ಅವರು ದನಿ ಏರಿಸಲಿಲ್ಲ. "ಸಣ್ಣ ಕೂಸು ಪರೀಕ್ಷಕರ ಮುಂದ ಅಂಜಿ ನಿಂತಾಗ ನಾವು ಕೈ ಹಿಡೀದೆ ಯಾರು ಹಿಡೀಬೇಕ್ರಿ? ಕೈ ಬಿಟ್ಟು ನಡಸೋದು ಆಮ್ಯಾಲಿನ ಪಾಠ. ಅದಕ್ಕೇ ಬ್ಯಾಡ ಅಂದೆ. ಬಿಡಿಸಿ ಹೇಳಲಿಲ್ಲ, ಅದು ನನ್ನ ತಪ್ಪು. ಸ್ಟೇಜ್ ಮ್ಯಾಲ ಒದರಿದ್ದು ಯಾರ ತಪ್ಪ್ರಿ?"

ಒಂದು ದಿನ ಹತೋಡಿ ಕಿಸೆಯಲ್ಲಿಟ್ಟುಕೊಂಡು ಭಾಲ್ಕಿಗೆ ಹೋದ. ಚಾಂದ ಪಾಶಾ ಪಡಸಾಲೆಯಲ್ಲಿ ತಬಲಾದ ತೊಗಲಿನ ವಾದಿ ಬಿಗಿಯುತ್ತಿದ್ದ. "ಬರ್ರಿ ಗೋರಖಭಾಯ್. ಕೂಡ್ರಿ." ಚಹಾ ಬಂತು. ಬಿಸಿಲಿನ ಮಾತಾಯಿತು, ತೊಗರಿಯ ಮಾತಾಯಿತು.

"ಉಜ್ವಲಾ ಬೇಟಿ ಹಾಡ್ತಾಳೇನ್ರಿ?"

"ಎರಡನೇ ಪರೀಕ್ಷಾನೂ ಫಸ್ಟ್ ಕ್ಲಾಸ್."

"ಅದಲ್ರಿ. ಹಾಡ್ತಾಳೇನು ಅಂದೆ."

ಗೋರಖನಾಥ ಬಸಿಯಲ್ಲಿನ ಚಹಾ ನೋಡುತ್ತ ಕೂತ. ಅಂಜನಾಬಾಯಿ ಈಗ ತಾನಾಗಿ ಚಪ್ಪಾಳೆ ಎತ್ತಿದರೂ ಹುಡುಗಿ ಎದ್ದು ಒಳಗೆ ಹೋಗುತ್ತಾಳೆ. ಪರೀಕ್ಷೆ ಬಿಟ್ಟರೆ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಚಾಂದ ಪಾಶಾನ ಕೈಯಲ್ಲಿ ಹೊಸ ಹತೋಡಿ ಇತ್ತು. ಕಿಸೆಯೊಳಗಿನದು ತೊಡೆಗೆ ಒತ್ತುತ್ತಿತ್ತು. "ಬಸ್ಸಿನ ಟೈಮ್ ಆಯ್ತು," ಎಂದು ಎದ್ದುಬಂದ.

ಔರಾದಿನ ಜಯಂತಿಗೆ ಈಗ ಬೇರೆ ತಬಲಾದವರು ಬರುತ್ತಾರೆ. ಪೆಟ್ಟಿಗೆಗೆ ಕೈ ಹಾಕಿದಾಗಲೆಲ್ಲ ಹತೋಡಿ ಬೆರಳಿಗೆ ತಾಗುತ್ತದೆ. ಗೋರಖನಾಥ ಅದನ್ನು ವೈರುಗಳ ತಳಕ್ಕೆ ಸರಿಸಿ, ಪ್ರಮಿಲಾಬಾಯಿಯನ್ನು ಬೈಯುತ್ತಾನೆ. ಮೈದಾನವೆಲ್ಲ ಕೇಳುವ ಹಾಗೆ ಆಡಿದ ಮಾತನ್ನು ಚಾಂದ ಪಾಶಾನ ಪಡಸಾಲೆಯಲ್ಲಿ ಕೂತು ಮೆಲ್ಲಗೆ ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಅವನಿಂದ ಇನ್ನೂ ಆಗಿಲ್ಲ.