ಬ್ರೇಕ್ ಒತ್ತದೆ ನಿಧಾನವಾದ ಲಾರಿ

ಗೆಳೆಯರೇ, ಮೆಸ್ಸಿನ ಬೋರ್ಡಿನ ಮೇಲೆ ಇದನ್ನು ಅಂಟಿಸಿದ್ದಕ್ಕೆ ಸಾರಿ. ಭಾನುವಾರ ನಾವೆಲ್ಲ ನಂದಿಬೆಟ್ಟಕ್ಕೆ ಹೋಗಲಿರುವ ಲಾರಿಯ ವಿಷಯವಾದ್ದರಿಂದ ಸುಮ್ಮನಿರಲಾಗಲಿಲ್ಲ.

ಇವತ್ತು ಮೆಸ್ಸಿಗೆ ಅಕ್ಕಿ ತರುವ ಸರದಿ ನನ್ನದು. ಯಶವಂತಪುರದ ಗೂಡ್ಸ್ ಶೆಡ್ಡಿನಿಂದ ಅದೇ ಲಾರಿಯಲ್ಲಿ ಮೂಟೆ ಹೇರಿಕೊಂಡು ಬರುತ್ತಿದ್ದೆವು. ಹೆಬ್ಬಾಳದ ಇಳಿಜಾರಿನಲ್ಲಿ ಡ್ರೈವರ್ ಮುನಿಯಪ್ಪನವರು ಗೇರ್ ಇಳಿಸಿ, ಎರಡೂ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡರು. ಎಂಜಿನ್ ಗುರುಗುಟ್ಟಿತು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಲಾರಿ ತಾನಾಗಿ ನಿಧಾನವಾಯಿತು.

"ಬ್ರೇಕ್ ಒತ್ತಲೇ ಇಲ್ವಲ್ಲ ಮುನಿಯಪ್ಪನವ್ರೇ?"

"ಎಂಜಿನ್ನೇ ಇಡ್ಕೊತದೆ ಕಣಪ್ಪ. ಬ್ರೇಕ್ ಯಾಕೆ ಸವೆಸ್ಬೇಕು?"

"ಸುಮ್ನೆ ಒಂದ್ಸಲ ಒತ್ತಿ ತೋರಿಸಿ, ಪ್ಲೀಸ್."

"ಓದೋ ಉಡುಗ್ರಿಗೆ ಎಲ್ಲದ್ರ ಮೇಲೂ ಅನುಮಾನ," ಎಂದು ನಕ್ಕರು. ಒತ್ತಲಿಲ್ಲ.

ಹಾಸ್ಟೆಲಿನ ಗೇಟಿನ ಮುಂದೆಯೂ ಗೇರಿನಲ್ಲೇ ಎಂಜಿನ್ ಆರಿಸಿ ನಿಲ್ಲಿಸಿದರು. ಕೆಳಗಿಳಿದವರೇ ಮೊದಲು ಚಕ್ರಕ್ಕೆ ಕಲ್ಲು ಕೊಟ್ಟರು. ಆ ಜಾಗವೋ ಕೇರಂ ಬೋರ್ಡಿನಷ್ಟು ಸಮತಟ್ಟು. ಯಾಕೆಂದು ಕೇಳಿದರೆ, "ಅಭ್ಯಾಸ ಕಣಪ್ಪ" ಎಂದರು.

ಕಾನ್ವೆಂಟ್ ಹುಡುಗ ನರ್ವಸ್ ಆದ ಎಂದು ನಗುವವರು ನಗಿ. ನಂದಿಗೆ ಹತ್ತಿದವರು ಇಳಿಯಲೂ ಬೇಕಲ್ಲ. ಆ ಲಾರಿಯ ಬ್ರೇಕ್ ಹಿಡಿದದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ, ದಯವಿಟ್ಟು ಇಂದೇ ಇದರ ಕೆಳಗೆ ಬರೆಯಿರಿ.